ಬೆಂಚಿನವರು, ಚಾಪೆಯವರು

ವಿಜಯವಾಡದ ಗುಣದಲ ಬೆಟ್ಟಕ್ಕೆ ಫೆಬ್ರವರಿಯ ಹಬ್ಬದಲ್ಲಿ ಬರುವವರು ಮೊದಲು ಜಾಗ ಹಿಡಿಯುತ್ತಾರೆ, ಆಮೇಲೆ ಬೆಟ್ಟದ ಮೇಲಿನ ಚರ್ಚಿನ ಮಾತೆಗೆ ಕೈ ಮುಗಿಯುತ್ತಾರೆ. ತಲೆ ಬೋಳಿಸಿಕೊಂಡು ಗಂಧ ಬಳಿದುಕೊಂಡವರು, ತೆಂಗಿನಕಾಯಿ ಮೇಣದಬತ್ತಿ ಹಿಡಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಎಲ್ಲರ ಕಂಕುಳಲ್ಲೂ ಸುತ್ತಿದ ಚಾಪೆ. ಈ ಸಲ ನಾನೂ ಬೆಳಿಗ್ಗೆಯೇ ಹೋಗಿ ಬೆಟ್ಟದ ಬುಡದಲ್ಲಿ ಒಂದು ಮರದ ನೆರಳು ಹಿಡಿದು ನಿಂತಿದ್ದೆ. ದುವ್ವಾಡದಿಂದ ರೈಲಿನಲ್ಲಿ ಬರುವ ನಮ್ಮವರಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಹೊಚ್ಚಹೊಸ ಹುಲ್ಲುಚಾಪೆ ಬಿಚ್ಚಿ ಹಾಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಒಬ್ಬನೇ ನಿಂತು ನಗುವ ಬೊಕ್ಕತಲೆಯವನನ್ನು ಕಂಡು ಆಕೆ ತನ್ನ ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.

ನನಗೆ ನೆನಪಾದದ್ದು ವಿಶಾಖಪಟ್ಟಣದಲ್ಲಿ ಕಳೆದ ಒಂದು ಮಳೆಗಾಲ. ಮಳೆಗಾಲ ಎಂದರೆ ಜೂನ್ ಅಲ್ಲ. ಅಲ್ಲಿ ಸಮುದ್ರ ಮನಸ್ಸು ಮಾಡುವುದು ಅಕ್ಟೋಬರ್‌ ನವೆಂಬರಿನಲ್ಲಿ. ಅಲ್ಲಿಯವರೆಗೆ ಬರೀ ಬೆವರು.

ಮೈಸೂರಿನಿಂದ ಅಲ್ಲಿಗೆ ವರ್ಗವಾದಾಗ ಮಗಳು ಎರಡನೇ ಪಿಯುಸಿ. ಹೆಂಡತಿ ಸ್ಟೆಲ್ಲಾ, “ಅವಳ ಓದು ಕೆಡೋದು ಬೇಡ, ನಾವಿಲ್ಲೇ ಇರ್ತೀವಿ. ನೀವು ಸಮುದ್ರ ನೋಡ್ಕೊಂಡು ಆರಾಮಾಗಿರಿ” ಎಂದು ಹರಸಿ ಕಳಿಸಿದಳು. ನನ್ನ ಬ್ಯಾಂಕಿನ ಶಾಖೆ ಇದ್ದದ್ದು ದುವ್ವಾಡದ ಕಡೆ, ರಫ್ತು ಕಾರ್ಖಾನೆಗಳ ವಲಯದ ಹತ್ತಿರ. ಸಮುದ್ರ ನೋಡಬೇಕೆಂದರೆ ಅರ್ಧ ದಿನದ ರಜೆ ಹಾಕಬೇಕು. ಮಹಡಿಯಿಂದ ಕಾಣುತ್ತಿದ್ದದ್ದು ಸಿಂಹಾಚಲದ ಬೆಟ್ಟಸಾಲು ಮತ್ತು ಕಲ್ಲಿದ್ದಲು ಹೊತ್ತ ಗೂಡ್ಸ್ ರೈಲುಗಳು.

ಆ ಮಹಡಿ ಇನ್ನಮ್ಮನವರದು. ಎಪ್ಪತ್ತು ದಾಟಿದ, ನೆಟ್ಟಗೆ ನಡೆಯುವ, ನೆಟ್ಟಗೆ ಮಾತಾಡುವ ನಿವೃತ್ತ ಟೀಚರ್. ಮನೆ ಕೇಳಲು ಹೋದಾಗ ಹೆಸರು ಕೇಳಿದರು. “ರಾಯಪ್ಪ” ಎಂದೆ. ಆಕೆ ಕನ್ನಡಕ ಏರಿಸಿ, “ನಮ್ಮಪ್ಪಂದೂ ಅದೇ ಹೆಸರು ಕಣಪ್ಪ. ಇನ್ನೇನು ಮಾತು, ಸಾಮಾನು ತಗೊಂಡು ಬಾ” ಎಂದುಬಿಟ್ಟರು, ಅದೂ ಕನ್ನಡದಲ್ಲಿ! ಕೋಲಾರದ ಕಡೆಯ ತಂದೆ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ಬೇರುಬಿಟ್ಟವರು. ಆಕೆಯ ಮದುವೆ ತೆಲುಗರ ಮನೆಗೆ, ಪಾಠ ಹೇಳಿದ್ದು ತೆಲುಗಿನಲ್ಲಿ, ಮಕ್ಕಳು ಮಾತಾಡುವುದೂ ತೆಲುಗೇ. ಕನ್ನಡ ಉಳಿದದ್ದು ಒಬ್ಬರ ಜೊತೆ ಮಾತ್ರ, ತಮ್ಮ ಬಾಲಶೌರಿಯ ಜೊತೆ, ಅದೂ ಜಗಳಕ್ಕೆ.

ಆ ವರ್ಷ ಜಗಳಕ್ಕೆ ಒಳ್ಳೆಯ ಫಸಲು. ಅಲ್ಲಿಯ ಕ್ಯಾಥೊಲಿಕರು ಚರ್ಚಿಗೆ ಗುಡಿ ಎನ್ನುತ್ತಾರೆ, ಒಂದು ಚರ್ಚಿಗೆ ಸೇರಿದ ಜನರ ಗುಂಪಿಗೆ ನಾವು ಧರ್ಮಕೇಂದ್ರ ಎಂದರೆ ಅವರು ವಿಚಾರಣೆ ಎನ್ನುತ್ತಾರೆ. ಬ್ಯಾಂಕಿನವನಾದ ನನಗೆ ಆ ಪದ ಕೇಳಿದರೇ ಎದೆ ಝಲ್ಲೆನ್ನುತ್ತಿತ್ತು, ಕ್ರಮೇಣ ಒಗ್ಗಿಹೋಯಿತು. ರೈಲು ಹಳಿಯ ಈಚೆ ಇನ್ನಮ್ಮನವರ ವಿಚಾರಣೆ. ಹಳೆಯ ಪುಟ್ಟ ಗುಡಿ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ, ಹುಲ್ಲುಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ. ಹಳಿಯ ಆಚೆ ಟೌನ್‌ಶಿಪ್ಪಿನ ವಿಚಾರಣೆ. ದೊಡ್ಡ ಗುಡಿ, ಸಾಲಾಗಿ ಬೆಂಚು, ಫ್ಯಾನು, ಮೈಕು. ಬಂದರಿನವರು, ರೈಲ್ವೆಯವರು, ಕಾರ್ಖಾನೆಯವರು ಸಂಸಾರ ಸಮೇತ ಬೂಟು ಹಾಕಿಕೊಂಡೇ ಒಳಗೆ ಹೋಗಿ ಕೂರುತ್ತಾರೆ. ಇವರು ಅವರನ್ನು ಬೆಂಚಿನವರು ಎನ್ನುತ್ತಿದ್ದರು, ಅವರು ಇವರನ್ನು ಚಾಪೆಯವರು ಎನ್ನುತ್ತಿದ್ದರು. ಬೆಂಚಿನವರ ಮುಖಂಡರೇ ಬಾಲಶೌರಿ. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಜೀವಮಾನವೆಲ್ಲ ಎತ್ತರದಲ್ಲಿ ಕೂತು ಅಭ್ಯಾಸವಾಗಿ ನೆಲ ಮರೆತುಹೋಗಿದೆ ಎಂಬುದು ಅಕ್ಕನ ವಿವರಣೆ.

ಎರಡಕ್ಕೂ ಆಗ ಒಬ್ಬರೇ ಪಾದ್ರಿ, ಫಾದರ್ ಜೋಜಿ. ಇನ್ನೂ ಎಳೆಯ ವಯಸ್ಸು, ಸದಾ ಸ್ಕೂಟರಿನ ಮೇಲೆ. ಪೂಜೆ ಮುಗಿಸಿ ಹೆಲ್ಮೆಟ್ ಹಾಕಿಕೊಂಡೇ ಆಶೀರ್ವಾದ ಮಾಡಿ ಓಡುವವರು. ಎರಡೂ ವಿಚಾರಣೆಗಳು ಸೇರಿ ಒಂದಾಗಬೇಕು, ಹೊಸ ಹುರುಪಿನಿಂದ ಜನರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಜೊತೆಯಾಗಿ ಹಿಡಿಯಬೇಕು ಎಂದು ಮೇಲಿನಿಂದ ತೀರ್ಮಾನವಾಗಿತ್ತು. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಮೊದಲ ಜಂಟಿ ಪೂಜೆ. ಎಲ್ಲಿ? ಅದೇ ಪ್ರಶ್ನೆ. ಒಂದು ಕಡೆ ಶುರುವಾದರೆ ಅಲ್ಲೇ ಗಟ್ಟಿಯಾಗುತ್ತದೆ, ಇನ್ನೊಂದಕ್ಕೆ ಬೀಗ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾವುದಕ್ಕೆ ಬೀಳುತ್ತದೆ ಎಂಬುದೂ ಗೊತ್ತಿತ್ತು.

ಒಂದು ಸಂಜೆ ಇನ್ನಮ್ಮನವರು ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. “ನಮ್ಮಮ್ಮನ್ನ ಆ ಗುಡಿಯಿಂದ್ಲೇ ಮಣ್ಣಿಗೆ ಕಳಿಸಿದ್ದು. ನನ್ನ ಮದುವೇನೂ ಅಲ್ಲೇ. ನಾನೂ ಅಲ್ಲಿಂದ್ಲೇ ಹೋಗ್ಬೇಕು ಅಂತ ಆಸೆ ಕಣಪ್ಪ. ಬೀಗ ಬಿದ್ದಿರೋ ಗುಡಿಯಿಂದ ಯಾರನ್ನ ಕಳಿಸ್ತಾರೆ ಹೇಳು?” ಎಂದರು. ಅಳಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು. ಮೈಸೂರಿನಲ್ಲಿ ಭಾನುವಾರದ ಪೂಜೆಗೆ ಹೆಂಡತಿ ಎಬ್ಬಿಸಿ ತಳ್ಳಬೇಕಾಗಿದ್ದ ನನಗೆ, ಆ ಸಂಜೆ ಆ ಪುಟ್ಟ ಗುಡಿಗೆ ಬೀಗ ಬೀಳಬಾರದು ಎಂದು ಬಹಳ ಅನ್ನಿಸಿತು.

ಎರಡೂ ಕಡೆಯವರಲ್ಲದವನು ಎಂಬ ಒಂದೇ ಯೋಗ್ಯತೆಯ ಮೇಲೆ ಫಾದರ್ ಜೋಜಿ ನನ್ನನ್ನು ಜಂಟಿ ಸಮಿತಿಗೆ ಎಳೆದರು. ಸಭೆ ಯಾರ ಗುಡಿಯಲ್ಲಿ ಎಂಬುದೇ ತಕರಾರಾದ್ದರಿಂದ ರೈಲ್ವೆ ಗೇಟಿನ ಹತ್ತಿರ ಒಂದು ತಗಡಿನ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಜೊತೆಯಾಗಿ ಮಾಡುವ ಕೆಲಸ ಯಾವುದು ಎಂದು ವಾರಗಟ್ಟಲೆ ಚರ್ಚೆ. ಒಬ್ಬರು ಕಣ್ಣಿನ ತಪಾಸಣೆ ಎನ್ನುವರು, ಇನ್ನೊಬ್ಬರು ಗಿಡ ನೆಡೋಣ ಎನ್ನುವರು. ಬ್ಯಾನರಿನ ಬಣ್ಣ ಮಾತ್ರ ಮೊದಲ ದಿನವೇ ತೀರ್ಮಾನವಾಗಿತ್ತು. ಮಾತು ಸುತ್ತಿ ಸುತ್ತಿ ಪೂಜೆಯ ಜಾಗಕ್ಕೆ ಬಂದ ಕೂಡಲೇ ಅಕ್ಕ ತಮ್ಮ ತೆಲುಗು ಬಿಟ್ಟು ಕನ್ನಡಕ್ಕೆ ಇಳಿಯುತ್ತಿದ್ದರು. ಶೆಡ್ಡಿನಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದರು. “ಮೇನೇಜರುಗಾರು, ಏನಂತಿದಾರೆ ಅಂಡಿ?” ಅಂಡಿ ಎಂದರೆ ತೆಲುಗಿನ “ರೀ”.

ಹೇಗೆ ಹೇಳಲಿ? ಆಕೆ ಹೇಳಿದ್ದು, “ಹುಟ್ಟಿದಾಗ ತೊಟ್ಟಿಲಲ್ಲಿ ಹಾಕಿದ್ದು ನಾನು, ಆವಾಗ್ಲೇ ಕೆಳಗೆ ಬೀಳಿಸಿದ್ರೆ ನೆಲ ಅಂದ್ರೇನು ಅಂತ ಗೊತ್ತಾಗ್ತಿತ್ತು ನಿಂಗೆ” ಎಂದು. ನಾನು ನನ್ನ ಮುರುಕು ತೆಲುಗಿನಲ್ಲಿ, “ತಮ್ಮನನ್ನು ತೊಟ್ಟಿಲಲ್ಲಿ ತೂಗಿದ ದಿನಗಳನ್ನು ನೆನೆಸಿಕೊಳ್ಳುತ್ತಿದ್ದಾರೆ” ಎಂದೆ. ಹೆಂಗಸರು ಅಯ್ಯೋ ಪಾಪ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನಮ್ಮನವರು ನನ್ನನ್ನು ದುರುಗುಟ್ಟಿ ನೋಡಿದರು. ಆದರೆ ಏನೂ ಅನ್ನಲಿಲ್ಲ.

ಅಲ್ಲಿಂದ ನನಗೆ ಧೈರ್ಯ ಬಂತು, ಸ್ವಲ್ಪ ಹುಚ್ಚೂ ಹಿಡಿಯಿತು ಅನ್ನಿ. ವಾರವಾರ ಅವರ ಬೈಗುಳವನ್ನು ಸೋಸಿ ಸಭೆಗೆ ಬಡಿಸುತ್ತಿದ್ದೆ. ಸ್ಟೆಲ್ಲಾಳಿಗೆ ಫೋನಿನಲ್ಲಿ ಹೇಳಿದರೆ, “ನನ್ನ ಮಾತನ್ನೂ ನಿಮ್ಮಮ್ಮನಿಗೆ ಹೀಗೇ ಹೇಳಿದ್ದಿದ್ರೆ ಇಷ್ಟು ವರ್ಷ ಎಷ್ಟು ಚೆನ್ನಾಗಿರ್ತಿತ್ತು” ಎಂದಳು. ಆ ವಿಷಯ ಅಲ್ಲಿಗೇ ಬಿಟ್ಟೆ.

ಕೊನೆಯ ಸಭೆಯ ದಿನ ವಾಯುಭಾರ ಕುಸಿತ. ಬೆಳಿಗ್ಗೆಯಿಂದ ಆಕಾಶ ಕಪ್ಪಿಟ್ಟು, ಗಾಳಿ ನಿಂತು, ಅಂಗಿ ಬೆನ್ನಿಗೆ ಅಂಟಿತ್ತು. ಫಾದರ್ ಜೋಜಿ ಕೈ ಜೋಡಿಸಿ, “ಭಾನುವಾರಕ್ಕೆ ಇನ್ನು ದಿನವಿಲ್ಲ ಅಂಡಿ. ದೊಡ್ಡವರು ನೀವೇ ಹೇಳಿಬಿಡಿ, ಎಲ್ಲಿ?” ಎಂದರು. ಇನ್ನಮ್ಮನವರು ಎದ್ದು ನಿಂತು ತಮ್ಮನಿಗೆ ಕನ್ನಡದಲ್ಲಿ ಬಿಟ್ಟರು. “ನಿನ್ನ ಬೆಂಚು ನೀನೇ ಇಟ್ಕೊಂಡು ಪೂಜೆ ಮಾಡ್ಕೋ. ನನ್ನ ಗುಡಿಗೆ ಬೀಗ ಹಾಕೋಕೆ ಮುಂಚೆ ನನಗೆ ಹಾಕು!”

“ಏನಂತಾರೆ ಅಂಡಿ?”

“ಬೆಂಚುಗಳು ಚೆನ್ನಾಗಿವೆ, ನಾವೇ ಅಲ್ಲಿಗೆ ಬಂದುಬಿಡ್ತೀವಿ ಅಂತಾರೆ” ಎಂದೆ. ಬಾಯಿಂದ ಬಿದ್ದುಹೋಯಿತು.

ಬಾಲಶೌರಿಯವರ ಮುಖ ಕೆಂಪಾಯಿತು. ಅವರೂ ಎದ್ದು, “ಅಮ್ಮನ್ನ ಮಣ್ಣು ಮಾಡಿದ ದಿನ ಆ ನೆಲದ ಮೇಲೆ ಪೂಜೆ ಪೂರ್ತಿ ಕೂತು ನನ್ನ ಮಂಡಿ ಹೋಯ್ತು, ಆಮೇಲೆ ಒಂದು ದಿನಾನಾದ್ರೂ ಹೆಂಗಿದೀಯಾ ಅಂತ ಕೇಳಿದ್ಯಾ ನೀನು?” ಎಂದು ಕೂಗಿದರು.

“ಇವರು?”

“ನಮ್ಮಮ್ಮನ ಪೂಜೆ ನಡೆದ ಗುಡಿ ಅದು, ಮರ್ಯಾದೆಗೆ ನಾವೇ ಅಲ್ಲಿಗೆ ಹೋಗಬೇಕು ಅಂತಾರೆ.”

ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು. ಚಾಪೆಯ ಹೆಂಗಸರು ಬಾಲಶೌರಿಯವರಿಗೆ ಕೈ ಮುಗಿದರು. ಬೆಂಚಿನ ಗಂಡಸರು ಇನ್ನಮ್ಮನವರ ಹತ್ತಿರ ಬಂದು, “ನಿಮ್ಮ ದೊಡ್ಡ ಮನಸ್ಸು ಅಮ್ಮಗಾರು” ಎಂದರು. ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಇಬ್ಬರಿಗೂ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಹಾಗಲ್ಲ ಎನ್ನಲು ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ತಗಡಿನ ಮೇಲೆ ಮಳೆ ದಬದಬ ಬಿತ್ತು, ಕರೆಂಟು ಹೋಯಿತು. ಒಬ್ಬರ ಮಾತು ಒಬ್ಬರಿಗೆ ಕೇಳದ ಆ ಗದ್ದಲದಲ್ಲಿ ಫಾದರ್ ಜೋಜಿ “ಹಾಗಾದರೆ ಭಾನುವಾರ ಎಂಟಕ್ಕೆ!” ಎಂದು ಕೂಗಿ ಹೆಲ್ಮೆಟ್ ಏರಿಸಿದರು. ಎಲ್ಲರೂ ಸಂತೋಷವಾಗಿ ನೆನೆದುಕೊಂಡು ಮನೆಗೆ ಹೋದೆವು. ಎಲ್ಲಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟು ಬೆಟ್ಟಸಾಲು ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ನಾನು ಕೆಳಗಿಳಿದು ಬಂದರೆ ಬಾಗಿಲ ಮುಂದೆ ಆಟೋಗಳ ಸಾಲು. ಇನ್ನಮ್ಮನವರು ಜರಿಯಂಚಿನ ಬಿಳಿ ಸೀರೆ ಉಟ್ಟು, ಕಂಕುಳಲ್ಲಿ ಹೊಸ ಚಾಪೆ ಸುತ್ತಿಟ್ಟುಕೊಂಡು ನಿಂತಿದ್ದರು.

“ಎಲ್ಲಿಗಮ್ಮಾ?”

“ಎಲ್ಲಿಗೆ ಅಂದ್ರೆ? ಬೆಂಚಿಗೆ. ಊರೆಲ್ಲ ಹೊಗಳಿದ ಮೇಲೆ ಇನ್ನು ಹಿಂದಕ್ಕೆ ಸರಿಯೋಕಾಗ್ತದಾ? ಅವರಿಗೆ ಹೇಳಿಲ್ಲ, ಹೋಗಿ ನಿಂತ್ಕೊಳ್ಳೋಣ, ನೋಡ್ಲಿ.”

“ಚಾಪೆ ಯಾಕೆ ಮತ್ತೆ?”

“ಬೆಂಚಿದ್ರೆ ಏನಾಯ್ತು? ಅದರ ಮೇಲೆ ಹಾಸ್ಕೊಳ್ತೀನಿ.”

ಆಟೋಗಳು ಮೇಲುಸೇತುವೆಯ ಮೇಲಿಂದ ಸುತ್ತಿಕೊಂಡು ಹೊರಟವು. ದೊಡ್ಡ ಗುಡಿಯ ಮುಂದೆ ಇಳಿದೆವು. ಎಲ್ಲರೂ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಒಳಗೆ ನೋಡಿದರೆ ಬೆಂಚುಗಳು ಖಾಲಿ. ಫ್ಯಾನುಗಳು ಸುಮ್ಮನೆ ತಿರುಗುತ್ತಿದ್ದವು. ವಾಚ್‌ಮನ್ ಒಬ್ಬ ಓಡಿ ಬಂದು, “ಅಯ್ಯೋ ಅಮ್ಮಗಾರು, ಎಲ್ಲರೂ ನಿಮ್ಮ ಗುಡಿಗೇ ಹೋದರಲ್ಲ ಅಂಡಿ! ಗೇಟಿನ ದಾರಿಯಲ್ಲಿ ಈಗ ತಾನೇ ಹೋದರು. ನಿಮಗೆ ಹೇಳುವುದು ಬೇಡ, ಹೋಗಿ ನಿಲ್ಲೋಣ ಅಂದುಕೊಂಡರು” ಎಂದ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ಒಬ್ಬಾಕೆ ಕಿಸಕ್ಕೆಂದಳು. ಅದು ಹರಡಿತು. ಖಾಲಿ ಬೆಂಚುಗಳ ನಡುವೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೇರಬೇಕಾದ ಎರಡು ವಿಚಾರಣೆಗಳು, ಎರಡಕ್ಕೂ ಬೇರೆ ಬೇರೆ ವಾಟ್ಸಾಪ್ ಗುಂಪು. ಎರಡರಲ್ಲೂ ಒಂದೇ ಗುಟ್ಟು! ನಾನು ಫಾದರ್ ಜೋಜಿಗೆ ಫೋನು ಮಾಡಿದೆ. ಅವರು ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕಲ್ಲಿದ್ದಲಿನ ಗೂಡ್ಸ್ ಹಾದುಹೋಗುತ್ತಲೇ ಇತ್ತು, ಮುಗಿಯುತ್ತಿರಲಿಲ್ಲ. ಅದರ ಸದ್ದಿನ ನಡುವೆ, “ಯಾರೂ ಅಲ್ಲಾಡಬೇಡಿ! ನೀವು ಹೊರಟರೆ ಅವರೂ ಹೊರಡುತ್ತಾರೆ! ಮೊದಲು ಬಾಲಶೌರಿಗಾರಿಗೆ ಫೋನು ಮಾಡಿ!” ಎಂದು ಕಿರುಚಿದರು.

ಮಾಡಿದೆ. “ನಾವು ಅಲ್ಲಾಡೋದೆಲ್ಲಿ ಬಂತು ಸ್ವಾಮಿ?” ಎಂದರು ಬಾಲಶೌರಿ. “ನೆಲದ ಮೇಲೆ ಕೂತ್ಬಿಟ್ಟಿದೀನಿ. ಏಳಿಸೋಕೆ ಇಬ್ಬರು ಬೇಕು. ಅವಳಿಗೆ ಕೊಡಿ ಫೋನು.”

ಇನ್ನಮ್ಮನವರು ಫೋನು ಕಿವಿಗಿಟ್ಟುಕೊಂಡರು. ತಮ್ಮ ಏನೋ ಹೇಳಿದರು. ಆಕೆ “ಹೂಂ” ಎಂದರು. ಮತ್ತೆ ಏನೋ ಹೇಳಿದರು. ಆಕೆ, “ಮಂಡಿ ಮಡಚ್ಬೇಡ, ಕಾಲು ಚಾಚ್ಕೊಂಡು ಕೂತ್ಕೋ, ಗೋಡೆಗೆ ಒರಗಿಕೋ. ಬರ್ತಿದೀನಿ” ಎಂದು ಫೋನು ನನಗೆ ವಾಪಸು ಕೊಟ್ಟರು. ಸುತ್ತಲಿದ್ದವರು ನನ್ನ ಮುಖ ನೋಡಿದರು. ನಾನು ಆಟೋಗಳ ಕಡೆ ಕೈ ತೋರಿಸಿದೆ.

ಹೀಗೆ ಚಾಪೆಯವರು ತಮ್ಮ ಗುಡಿಗೆ ತಾವೇ ಅತಿಥಿಗಳಾಗಿ ಹೋದರು. ಬಾಗಿಲಲ್ಲಿ ಬೆಂಚಿನವರ ಬೂಟುಗಳು, ಎತ್ತರದ ಹಿಮ್ಮಡಿಯ ಚಪ್ಪಲಿಗಳು ಸಾಲಾಗಿ ಬಿಟ್ಟಿದ್ದವು. ಮೊದಲು ಬಂದವರು ಮನೆಯವರಾಗುತ್ತಾರಲ್ಲ, ಅವರೇ ತಂಬಿಗೆಯಲ್ಲಿ ನೀರು ಹಿಡಿದು, “ಬನ್ನಿ ಬನ್ನಿ, ಕಾಲು ತೊಳ್ಕೊಳ್ಳಿ” ಎಂದು ಉಪಚರಿಸಿದರು. ಇಬ್ಬರು ಹುಡುಗರ ಹೆಗಲ ಮೇಲೆ ಕೈ ಹಾಕಿ ಬಾಲಶೌರಿಯವರು ಬಾಗಿಲಿನವರೆಗೂ ಬಂದು ನಿಂತಿದ್ದರು. “ಬಾ ಅಕ್ಕಾ, ಒಳಗೆ ಬಾ” ಎಂದರು, ಎಲ್ಲರಿಗೂ ಕೇಳುವ ಹಾಗೆ. ಇನ್ನಮ್ಮನವರು ಒಳಗೆ ಹೆಜ್ಜೆ ಇಟ್ಟು ನೋಡಿದರು. ತನ್ನ ಪುಟ್ಟ ಗುಡಿಯಲ್ಲಿ ಅಷ್ಟು ಜನರನ್ನು ಆಕೆ ಮದುವೆಯ ದಿನವೂ ಕಂಡಿರಲಿಲ್ಲವಂತೆ. ಆಗ ಅತ್ತರು.

ಫಾದರ್ ಜೋಜಿ ಬಂದು ಪೂಜೆ ಶುರುವಾಗುವ ಹೊತ್ತಿಗೆ ಎಂಟು ಎಂದೋ ಆಗಿಹೋಗಿತ್ತು. ಆ ಇಕ್ಕಟ್ಟಿನಲ್ಲಿ ಗಂಡಸರ ಕಡೆ ಹೆಂಗಸರ ಕಡೆ ಎಂಬ ಲೆಕ್ಕ ತಪ್ಪಿತು. ಬೆಂಚಿನವರು ಕಾಲು ಜೋಮು ಹಿಡಿದು ಆ ಕಡೆ ಈ ಕಡೆ ವಾಲುತ್ತಿದ್ದರು, ಚಾಪೆಯವರು ಅವರಿಗೆ ತೊಡೆಯ ಕೆಳಗೆ ಸೆರಗು ಟವೆಲು ಮಡಚಿ ಕೊಡುತ್ತಿದ್ದರು. ಶ್ರೀಕಾಕುಳದ ಕಡೆಯ ಒಬ್ಬ ಹೆಂಗಸು, ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಮಗುವನ್ನು ಎತ್ತಿಕೊಂಡು ನೇರ ಬಂದಿದ್ದವಳು, ಫಾದರ್ ಜೋಜಿಯವರ ಪ್ರವಚನದ ಮಧ್ಯೆ ಕೂತಲ್ಲೇ ನಿದ್ದೆ ಹೋದಳು. ಮಗುವೂ ಇನ್ನಮ್ಮನವರ ಹೊಸ ಚಾಪೆಯ ಮೇಲೆ ಮಲಗಿತು. ಪೂಜೆ ಮುಗಿಯಿತು, ಜನ ಎದ್ದರು, ಅವರಿಬ್ಬರೂ ಏಳಲಿಲ್ಲ. ಎಬ್ಬಿಸಲು ಹೋದವಳೊಬ್ಬಳನ್ನು ಇನ್ನಮ್ಮನವರು ಕಣ್ಣಲ್ಲೇ ತಡೆದರು. ಮೂಲೆಗೆ ಬಂದು ಪಿಸುದನಿಯಲ್ಲಿ ಕೇಳಿದರು, ಈ ಸಲ ತೆಲುಗಿನಲ್ಲಿ: ಇವಳು ಕೆಲಸಕ್ಕೆ ಹೋದಾಗ ಈ ಮಗು ಎಲ್ಲಿರುತ್ತದೆ?

ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ರೂಮಿನವರು ನೋಡಿಕೊಳ್ಳುತ್ತಾರೆ, ಕೆಲವೊಮ್ಮೆ ಒಳಗೆ ಬಿಟ್ಟು ಚಿಲಕ ಹಾಕಿಕೊಂಡು ಹೋಗುತ್ತಾಳೆ ಎಂದು ಆಮೇಲೆ ಅವಳೇ ಹೇಳಿದಳು. ಅಂಥವರು ಆ ಬಡಾವಣೆ ತುಂಬ ಇದ್ದರು. ವಾರಗಟ್ಟಲೆ ಚರ್ಚಿಸಿಯೂ ನಮಗೆ ಹೊಳೆಯದಿದ್ದ ಕೆಲಸ ಅಲ್ಲಿ ಚಾಪೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಬಾಲಶೌರಿಯವರೇ ಮೊದಲು ಬಾಯಿ ಬಿಟ್ಟದ್ದು. “ಬೆಂಚಿನ ಮೇಲೆ ಮಕ್ಕಳನ್ನ ಮಲಗಿಸಿದ್ರೆ ಉರುಳಿ ಬೀಳ್ತಾವೆ. ಇಲ್ಲೇ ಆಗ್ಬೇಕು” ಎಂದರು.

ಕ್ರಿಸ್‌ಮಸ್ ಹೊತ್ತಿಗೆ ಶಿಶುವಿಹಾರ ಶುರುವಾಯಿತು. ಭಾನುವಾರದ ಪೂಜೆ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಉಳಿದ ದಿನ ಪುಟ್ಟ ಗುಡಿಯಲ್ಲಿ ಕೂಲಿಯ ಹೆಂಗಸರ ಮಕ್ಕಳು. ದೊಡ್ಡ ಗುಡಿಯ ಹೆಂಗಸರು ಸರದಿಯಲ್ಲಿ ಅನ್ನ, ಬೇಳೆಯ ಪಪ್ಪು ಮಾಡಿ ತರುತ್ತಿದ್ದರು, ಚಾಪೆಯ ಕಡೆಯವರು ಉಣ್ಣಿಸಿ ಮಲಗಿಸುತ್ತಿದ್ದರು. ಇನ್ನಮ್ಮನವರು ಮತ್ತೆ ಟೀಚರಾದರು. ಮಧ್ಯಾಹ್ನ ಬ್ಯಾಂಕಿನಿಂದ ಊಟಕ್ಕೆ ಬರುವಾಗ ನಾನು ಆ ದಾರಿಯಲ್ಲೇ ಸುತ್ತಿಕೊಂಡು ಬರುತ್ತಿದ್ದೆ. ಬಲಿಪೀಠದ ಮುಂದೆ ಸಾಲು ಸಾಲಾಗಿ ಮಲಗಿದ ಪುಟಾಣಿಗಳು, ತಿಂಡಿಯ ವಾಸನೆ, ಹೊಸ ಚಾಪೆಯ ವಾಸನೆ. ಭಾನುವಾರ ಮಾತ್ರ ತೆರೆಯುತ್ತಿದ್ದ ಬಾಗಿಲು ಈಗ ವಾರವೆಲ್ಲ ತೆರೆದೇ ಇರುತ್ತಿತ್ತು. ಬೀಗ ಎಲ್ಲಿಟ್ಟಿದ್ದೇವೆ ಎಂದು ಅವರಿಗೇ ಮರೆತುಹೋಯಿತು.

ವಿಜಯವಾಡಕ್ಕೆ ವರ್ಗವಾಗಿ ಹೊರಡುವ ಮುಂಚೆ ಒಮ್ಮೆ ಕೇಳಿದ್ದೆ. “ಅಲ್ಲಮ್ಮ, ಆವತ್ತು ಶೆಡ್ಡಿನಲ್ಲಿ ನಾನು ಅಷ್ಟೆಲ್ಲ ಉಲ್ಟಾ ಹೇಳ್ತಿದ್ರೂ ನೀವಿಬ್ಬರೂ ಯಾಕೆ ಸುಮ್ಮನಿದ್ರಿ?”

ಆಕೆ ಬಟ್ಟೆ ಮಡಚುತ್ತಿದ್ದವರು ಕತ್ತೆತ್ತಲಿಲ್ಲ. “ನೀನು ಹೇಳಿದ್ದೇ ಸರಿಯಾಗಿತ್ತಲ್ಲಪ್ಪ. ನಾನು ಹೇಳೋಕೆ ಹೋದ್ರೆ ನನ್ನ ಬಾಯಿಗೆ ಬರೀ ಬೈಗುಳ ಬರ್ತೈತೆ.”

ಗುಣದಲದ ಮರದ ನೆರಳಿನಲ್ಲಿ ಇದೆಲ್ಲ ನೆನೆಸಿಕೊಳ್ಳುತ್ತ ನಿಂತಿದ್ದಾಗ ದೂರದಿಂದ “ಮೇನೇಜರುಗಾರೂ!” ಎಂದು ಕೂಗು ಕೇಳಿತು. ಬ್ಯಾನರು ಹಿಡಿದುಕೊಂಡು ಬಂದರು ಎಲ್ಲರೂ. ಅದೇ ಬಣ್ಣ. ಯಾರು ಚಾಪೆಯವರು ಯಾರು ಬೆಂಚಿನವರು ಎಂದು ನನಗೇ ಗುರುತು ಹತ್ತಲಿಲ್ಲ. ನಡುವೆ ಇನ್ನಮ್ಮನವರು, ಕೈಯಲ್ಲಿ ಕೋಲು. ಅವರ ಮಂಡಿಯೂ ಈಗ ಕೈಕೊಟ್ಟಿದೆ. ಬಾಲಶೌರಿಯವರು ಹಿಂದೆಯೇ ಒಂದು ಮಡಚುವ ಕುರ್ಚಿ ಹೊತ್ತುಕೊಂಡು ಬಂದು, ಬಿಚ್ಚಿ, ಧೂಳು ಒರೆಸಿ ಅಕ್ಕನನ್ನು ಕೂರಿಸಿದರು. ಆಮೇಲೆ ಅದರ ಪಕ್ಕದಲ್ಲಿ ಚಾಪೆ ಹಾಸಿ, ಅಯ್ಯಪ್ಪಾ ಅಮ್ಮಪ್ಪಾ ಎಂದು ನರಳುತ್ತ ತಾವು ಕೂತು ಕಾಲು ಚಾಚಿದರು.

ಇನ್ನಮ್ಮನವರು ಮೇಲಿನಿಂದ ಅವರನ್ನು ನೋಡಿ ಕನ್ನಡದಲ್ಲಿ ಗದರಿದರು. “ರೈಲಲ್ಲಿ ಎಲ್ಲರಿಗೂ ಪುಳಿಹೋರ ಹಂಚಿ ತಾನು ಉಪವಾಸ ಬಂದವನೆ, ಕತ್ತೆ. ಇವನಿಗೇನಾದ್ರೂ ಆದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?”

ಪಕ್ಕದಲ್ಲಿದ್ದ ಹುಡುಗಿ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದಳು. “ಏನಂತಾರೆ ಅಂಡಿ?”

ನಾನು ಬಾಯಿ ತೆರೆದೆ. ಸೋಸಲು ಏನೂ ಇರಲಿಲ್ಲ. ಕತ್ತೆ ಎಂಬುದನ್ನೂ ಬಿಡದೆ, ಒಂದೊಂದು ಮಾತನ್ನೂ ಇದ್ದದ್ದು ಇದ್ದ ಹಾಗೆ ತೆಲುಗಿನಲ್ಲಿ ಹೇಳಿದೆ.